ಸಾವಕಾರರ ಹಸಿ ಕಟ್ಟೆ

ಸಂಗಪ್ಪ ಸಾವಕಾರರು ಬದುಕಿರುವವರೆಗೆ ಅವರ ಜವಳಿ ಅಂಗಡಿಯ ಮುಂದಿನ ಕಟ್ಟೆ ಒಂದು ದಿನವೂ ಒಣಗಲಿಲ್ಲ. ರಾಮದುರ್ಗದ ಪೇಟೆಯಲ್ಲಿ ಕೂರುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ಉದ್ದಕ್ಕೆ ಹಾಸಿದ ನುಣುಪು ಕಲ್ಲು, ಮೇಲೆ ತಗಡಿನ ನೆರಳು, ಎದುರಿಗೇ ಹಳ್ಳಿಗಳ ಟಂಟಂ ಆಟೋಗಳು ನಿಲ್ಲುವ ಜಾಗ, ಸಂಜೆಯಾದರೆ ಮಲಪ್ರಭೆಯ ಕಡೆಯಿಂದ ತಂಪು ಗಾಳಿ. ಸಂತೆಗೆ ಬಂದ ಹೆಂಗಸರು ತಲೆಯ ಮೇಲಿನ ಗಂಟು ಇಳಿಸಿ ಒಂದು ಗಳಿಗೆ ಕೂರಲೆಂದೇ ಯಾರೋ ಪುಣ್ಯಾತ್ಮರು ಕಟ್ಟಿಸಿದಂತಿತ್ತು. ಸಾವಕಾರರಿಗೆ ಹೊಟ್ಟೆ ಉರಿಯುತ್ತಿದ್ದದ್ದೂ ಅದಕ್ಕೇ. ಬೆಳಿಗ್ಗೆ ಅಂಗಡಿ ತೆರೆದು, ಹಣೆತುಂಬ ವಿಭೂತಿ ಬಳಿದು, ಬಸವಣ್ಣನ ಪಟಕ್ಕೆ ಊದಿನಕಡ್ಡಿ ಬೆಳಗಿದ ಕೈಯಿಂದಲೇ ಒಂದು ಕೊಡ ನೀರು ಕಟ್ಟೆಯ ಮೇಲೆ ಸುರಿಯುತ್ತಿದ್ದರು. ಬಿಸಿಲಿಗೆ ಅದು ಒಣಗುತ್ತ ಬಂತೋ, ಮತ್ತೊಂದು ಕೊಡ. ಕೇಳಿದವರಿಗೆ, "ಧೂಳ ಭಾಳ ಆಗೈತ್ರೀ, ಏನ್ ಮಾಡೋದು" ಎನ್ನುವರು. ಧೂಳಂತೆ ಧೂಳು! ಮಂದಿ ಕೂರಬಾರದು, ಅಷ್ಟೇ. ಕೂತು ಎದ್ದುಹೋಗುವವರಿಂದ ಕಲ್ಲೇನು ಸವೆದುಹೋಗುತ್ತದೆಯೇ? ಆದರೆ ತಾವು ಬಳಸದ ಕಟ್ಟೆ ಇನ್ನೊಬ್ಬರಿಗೆ ಉಪಯೋಗವಾದರೂ ಕೆಲವರಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಆ ಕೊಡವನ್ನು ಹಿತ್ತಲಿನಿಂದ ಹೊತ್ತು ತಂದುಕೊಡುತ್ತಿದ್ದವಳು ಅವರ ಹೆಂಡತಿ ಸಿದ್ದಲಿಂಗವ್ವ. ಬೇಸಿಗೆಯಲ್ಲಿ ಮನೆಗೆ ಕುಡಿಯುವ ನೀರಿಗೆ ತತ್ವಾರವಾದಾಗಲೂ ಕಟ್ಟೆಗೆ ತಪ್ಪಲಿಲ್ಲ. ಒಮ್ಮೆ ತೊರಗಲ್‌ನ ಶಟ್ಟೆವ್ವ ಎಂಬವಳು ಕಂಬಳಿಯ ಗಂಟು ಹೊತ್ತು ಬಂದು, ದಣಿದ ಕಣ್ಣಿಗೆ ಹಸಿ ಕಾಣದೆ ಧೊಪ್ಪನೆ ಕೂತುಬಿಟ್ಟಳು. ಎದ್ದಾಗ ಸೀರೆಯ ಹಿಂಭಾಗವೆಲ್ಲ ತೊಯ್ದು ಮೈಗಂಟಿತ್ತು. ಎದುರಿನ ಚಹಾದಂಗಡಿಯ ಗಂಡಸರು ಹಲ್ಲು ಕಿಸಿದರು. ಗಾದಿಯ ಮೇಲೆ ಕೂತಿದ್ದ ಸಾವಕಾರರೂ ಹೊಟ್ಟೆ ಕುಣಿಸಿ ನಕ್ಕರು. ಶಟ್ಟೆವ್ವ ಗಂಟನ್ನು ಹಿಂದಕ್ಕೆ ಮರೆಮಾಡಿ ಹಿಡಿದು ನಡೆದುಹೋದಳು. ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗವ್ವನಿಗೆ ನಾಚಿಕೆಯಿಂದ ಮೈಯೆಲ್ಲ ಮುಳ್ಳೆದ್ದಿತು. ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ಅವಳಿಗಿರಲಿಲ್ಲ. ಅಂದು ಮಾತ್ರ ಮನಸ್ಸಿನೊಳಗೆ ಆ ಹೆಸರು ಹಿಡಿದೇ ಬೈದಷ್ಟು ಬೈದಳು.

ಸಾವಕಾರರು ಲಿಂಗೈಕ್ಯರಾದರು. ಬಂದ ನೆಂಟರೆಲ್ಲ ಉಂಡು, ಅತ್ತು, ಮತ್ತೆ ಉಂಡು ಹೋದ ಮೇಲೆ ಸಿದ್ದಲಿಂಗವ್ವ ಮಾಡಿದ ಮೊದಲ ಕೆಲಸವೆಂದರೆ ಗಂಡನ ಹಳೆಯ ಧೋತರ ತಂದು ಕಟ್ಟೆಯನ್ನು ಒರೆಸಿದ್ದು. ಮೂಲೆಮೂಲೆ ಬಿಡದೆ ಒರೆಸಿದಳು. ಆಮೇಲೆ ಆ ಬದಿಯಿಂದ ಈ ಬದಿಗೆ ನೋಡಿ, ನಡುವೆ ಕಾಲು ಚಾಚಿ ಕೂತಳು. ಮದುವೆಯಾಗಿ ಬಂದಾಗಿನಿಂದ ಆ ಕಟ್ಟೆಯ ಮೇಲೆ ಅವಳು ಕೂತದ್ದು ಅದೇ ಮೊದಲು. ಸಂತೆಯ ದಿನ ಶಟ್ಟೆವ್ವ ದೂರದಲ್ಲೇ ನಿಂತು ನೋಡಿದಳು. ಕರೆದರೂ ನಂಬಿಕೆ ಬರಲಿಲ್ಲ. ಹತ್ತಿರ ಬಂದು, ಎಳೆಗೂಸಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಕಲ್ಲಿಗೆ ಅಂಗೈ ಹಚ್ಚಿದಳು.

"ಏ, ಒಣಗೈತಲ್ರೀ ಅವ್ವಾರ!"

"ಒಣಗೈತಿ. ಕುಂದರವಾ" ಎಂದಳು ಸಿದ್ದಲಿಂಗವ್ವ.

ಅಂದಿನಿಂದ ಆ ಕಟ್ಟೆಗೆ ಜೀವ ಬಂತು. ಹಳ್ಳಿಯ ಹೆಂಗಸರು ಟಂಟಂ ತುಂಬುವವರೆಗೆ ಅಲ್ಲೇ ಕೂರುವರು. ಬುತ್ತಿ ಬಿಚ್ಚುವರು, ಎಲೆಯಡಿಕೆ ಹಂಚುವರು, ಸೊಸೆಯಂದಿರನ್ನು ಹಿಂಡಿ ಹಿಪ್ಪೆ ಮಾಡುವರು. ಸಿದ್ದಲಿಂಗವ್ವನಿಗೆ ಆ ಮಾತು ಕೇಳದೆ ಹೊತ್ತು ಹೋಗುತ್ತಿರಲಿಲ್ಲ. ಗಂಡ ಬಿಟ್ಟುಹೋದ ಮನೆ, ಅಂಗಡಿ, ಕಪಾಟು ಎಲ್ಲ ಮಗನ ಪಾಲಿಗೆ ಹೋದವು, ಹೋಗಲಿ. ಆ ಕಟ್ಟೆಯೊಂದು ತನ್ನದೆಂದು ಅವಳು ತಿಳಿದಿದ್ದಳು.

ಅದರ ಮೇಲೆಯೇ ಮಗನ ಕಣ್ಣು ಬಿತ್ತು.

ಮಗ ಶ್ರೀಶೈಲ ತಂದೆಯಂತಲ್ಲ, ಬಹಳ ಮುಂದುವರಿದವನು ಎಂದು ಊರು ಹೇಳುತ್ತಿತ್ತು. ತಂದೆ ಧೋತರ ಉಡುತ್ತಿದ್ದರು, ಮಗ ಜೀನ್ಸ್ ಹಾಕುತ್ತಾನೆ. ಅಷ್ಟು ವ್ಯತ್ಯಾಸ ಸಿದ್ದಲಿಂಗವ್ವನಿಗೂ ಕಾಣುತ್ತಿತ್ತು. ಅವನೂ ಅವನಂಥ ಕೆಲವು ಅಂಗಡಿಕಾರರೂ ಸೇರಿ 'ನಗರ ಸೌಂದರ್ಯ ಸಮಿತಿ' ಎಂದು ಒಂದನ್ನು ಕಟ್ಟಿಕೊಂಡಿದ್ದರು. ಅವನೇ ಅಧ್ಯಕ್ಷ. ಹೊಳೆಯ ದಂಡೆಯನ್ನು ಹೇಗೆ ಚಂದಮಾಡಬೇಕೆಂದು ನೋಡಿಬರಲು ಸಮಿತಿಯವರೆಲ್ಲ ಅಹಮದಾಬಾದಿಗೆ ಹೋದರು. ಹೋಗಿಬಂದು ಫೋಟೋ ತೋರಿಸಿದರು: ಎಲ್ಲದರಲ್ಲೂ ಅವರವರದೇ ಮುಖ, ಹಿಂದೆ ಎಲ್ಲೋ ಒಂದಿಷ್ಟು ನೀರು. ಮನೆಯ ಹಿಂದೆ ಹರಿಯುವ ಹೊಳೆಯಲ್ಲಿ ಒಂದು ದಿನ ಕಾಲು ಅದ್ದಿದವರಲ್ಲ, ಹೊಳೆ ನೋಡಲು ರೈಲು ಹತ್ತಿ ಹೋದ ಜಾಣರು! ಬಂದವರೇ, ರಾಮದುರ್ಗದ ಪೇಟೆಗೂ ಹೊಳೆಯ ದಂಡೆಗೂ ಮರುಜೀವ ಕೊಡುತ್ತೇವೆಂದು ಬ್ಯಾನರ್ ಕಟ್ಟಿದರು. ಪೇಟೆ ಸತ್ತದ್ದು ಯಾವಾಗ ಎಂದು ಸಿದ್ದಲಿಂಗವ್ವನಿಗೆ ತಿಳಿಯಲಿಲ್ಲ. ಸಂತೆಯ ದಿನ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶ್ರೀಶೈಲ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತ ವಿಷಯ ತೆಗೆದ.

"ಯವ್ವಾ, ಪೇಟ್ಯಾಗಿನ ಕಟ್ಟಿ ಎಲ್ಲಾ ತಗಸಾಕ ಹತ್ತೇವಿ. ಮೊದಲ ನಮ್ಮದ ತಗದ್ರ ಮಂದಿಗೆ ಮಾದರಿ ಆಗತೈತಿ."

"ಕಟ್ಟಿ ಏನ್ ಮಾಡೇತೋ ನಿನಗ?"

"ಫುಟ್‌ಪಾತ್ ಬೇಕ ಬೇ. ಮಂದಿ ಅಡ್ಡಾಡಾಕ."

"ಅಡ್ಡಾಡಿ ಅಡ್ಡಾಡಿ ಸಾಕಾದವರ ಬಂದ ಇಲ್ಲಿ ಕುಂದರತಾರಲೋ. ಅವರ ಎಲ್ಲಿ ಹೋಗಬೇಕು?"

"ಹೊಳಿ ದಂಡಿಗೆ. ಗ್ರಾನೈಟ್ ಬೆಂಚ್ ಹಾಕಸ್ತೇವಿ, ಲೈಟ್ ಹಾಕಸ್ತೇವಿ, ಕಾರಂಜಿ ಮಾಡಸ್ತೇವಿ. ನಿನ್ನ ತೊರಗಲ್ ಮಂದಿ ರಾಣಿ ಹಂಗ ಕುಂದರಲಿ ಅಲ್ಲಿ."

"ಲಿಂಗ ಮುಟ್ಟಿ ಹೇಳ. ನನ್ನ ಮಂದಿ ಕುಂದರಾಕ ಜಾಗಾ ಆಗತೈತಿ ಅಂತ ಹೇಳ."

ಶ್ರೀಶೈಲ ಅಂಗಿಯೊಳಗೆ ಕೈಹಾಕಿ ಎದೆಯ ಮೇಲಿನ ಲಿಂಗ ಮುಟ್ಟಿದ. ಇನ್ನೊಂದು ಕೈಯಲ್ಲಿ ಫೋನು ಇತ್ತು. ಅದರ ಮೇಲಿನ ಕಣ್ಣನ್ನು ತೆಗೆಯಲಿಲ್ಲ. ದೇವರ ಮೇಲೆ ಆಣೆ ಇಡುವಾಗಲೂ ಬೇರೆಯವರ ಫೋಟೋಕ್ಕೆ ಹೆಬ್ಬೆರಳು ಒತ್ತುವ ಮಗನನ್ನು ನೋಡಿ ಸಿದ್ದಲಿಂಗವ್ವನಿಗೆ ಅಸಹ್ಯವಾಯಿತು. ಆದರೂ ಆಣೆ ಆಣೆಯೇ. ಆಗಲಿ ಎಂದಳು.

ಜೆಸಿಬಿ ಬಂದು ಕಟ್ಟೆ ಕಿತ್ತಿತು. ಆ ನುಣುಪು ಕಲ್ಲುಗಳನ್ನು ಟ್ರ್ಯಾಕ್ಟರಿಗೆ ತುಂಬಿ ಹೊಳೆದಂಡೆಯ ಗುಂಡಿ ಮುಚ್ಚಲು ಒಯ್ದರು. ಇದ್ದ ಜಾಗಕ್ಕೆ ಹಳದಿ ಕೆಂಪು ಬಿಲ್ಲೆ ಹಾಸಿದರು. ಮಂದಿ ಅಡ್ಡಾಡಲೆಂದು ಮಾಡಿದ ಆ ಫುಟ್‌ಪಾತಿನ ಮೇಲೆ ಮರುದಿನದಿಂದಲೇ ಸಮಿತಿಯವರ ಬೈಕುಗಳು ಸಾಲಾಗಿ ನಿಂತವು. ಶಟ್ಟೆವ್ವ, ಅವಳ ಜೊತೆಯ ಸುಂದರವ್ವ, ಇನ್ನುಳಿದವರು ಅಂಗಡಿಯ ಗೋಡೆಗೆ ಬೆನ್ನುಕೊಟ್ಟು ಕೊಕ್ಕರೆಗಳಂತೆ ನಿಂತರು. ಶಟ್ಟೆವ್ವನ ಮೊಣಕಾಲು ಈಗ ಮೊದಲಿನ ಹಾಗಿರಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಲ್ಲುತ್ತಿದ್ದಳು.

"ಒಂದೀಟ ತಡಕೊಳ್ರೆವಾ" ಎಂದು ಸಿದ್ದಲಿಂಗವ್ವ ಪ್ರತಿ ಸಂತೆಗೂ ಹೇಳುವಳು. "ಹೊಳಿ ದಂಡ್ಯಾಗ ನಿಮಗಂತನ ಮಾಡಾಕ ಹತ್ಯಾರ. ನಾ ಮಾತ ತಗೊಂಡೇನಿ."

"ನೀವ್ ಹೇಳಿದ ಮ್ಯಾಲೆ ಆತ ಬಿಡ್ರೀ ಅವ್ವಾರ" ಎನ್ನುವಳು ಶಟ್ಟೆವ್ವ. ಆ ನಂಬಿಕೆಯೇ ಸಿದ್ದಲಿಂಗವ್ವನ ಎದೆಯ ಮೇಲೆ ಕಲ್ಲಾಗಿ ಕೂತಿತು. ಕಟ್ಟೆ ಹೋಯಿತು, ಹೋಗಲಿ. ಕೊಟ್ಟ ಮಾತು ಹೋದರೆ ಈ ಹೆಂಗಸಿನ ಮುಖ ಇನ್ನೊಮ್ಮೆ ನೋಡುವುದು ಹೇಗೆ?

ಬೆಂಚುಗಳು ಬಂದವು. ಸುದ್ದಿ ತಿಳಿದು ಸಿದ್ದಲಿಂಗವ್ವ ಸೆರಗು ಹೊದ್ದು ಹೊಳೆಯ ದಂಡೆಗೆ ಹೋದಳು. ಇಳಕಲ್ಲಿನ ಕೆಂಪು ಕಲ್ಲು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಂಚೇನೋ ಅಡ್ಡಿಯಿಲ್ಲ, ಒಳ್ಳೆಯ ಅಗಲವಿದೆ ಎಂದುಕೊಂಡು ಹತ್ತಿರ ಹೋದವಳು ಹಾಗೇ ನಿಂತಳು. ಕೂರುವ ಜಾಗದಲ್ಲಿಯೇ, ಅಂಚಿನಿಂದ ಅಂಚಿಗೆ, ಗೇಣುದ್ದದ ಅಕ್ಷರ ಕೊರೆದು ಬಂಗಾರದ ಬಣ್ಣ ತುಂಬಿದ್ದರು: 'ಲಿಂಗೈಕ್ಯ ಶ್ರೀ ಸಂಗಪ್ಪ ಸಾವಕಾರ ಇವರ ಸ್ಮರಣಾರ್ಥ'. ಅದರಾಚೆಯ ಬೆಂಚಿನ ಮೇಲೆ ಸಮಿತಿಯ ಇನ್ನೊಬ್ಬನ ತಂದೆ. ಅದರಾಚೆ ಮತ್ತೊಬ್ಬನ ಅಜ್ಜ. ಊರಿನ ಸತ್ತ ಹಿರಿಯರೆಲ್ಲ ಹೊಳೆಯ ದಂಡೆಯಲ್ಲಿ ಬಿಸಿಲಿಗೆ ಅಂಗಾತ ಮಲಗಿದಂತಿತ್ತು.

ಮನೆಗೆ ಬಂದು ಮಗನನ್ನು ಕೇಳಿದಳು. "ಕುಂದರೂ ಜಾಗಾದಾಗ ಯಾಕ ಬರಸೀಯೋ? ಒರಗೂ ಕಡೆ ಬರಸಾಕ ಏನಾಗಿತ್ತು?"

"ಒರಗೂದು ಮಾಡ್ಸಿಲ್ಲ ಬೇ. ಅದ ಇದ್ರ ಮ್ಯಾಲಿಂದ ಹೆಸರ ಕಾಣೂದಿಲ್ಲ. ಉದ್ಘಾಟನೆಗೆ ಡ್ರೋನ್ ಬರತೈತಿ. ಆಕಾಶದಿಂದ ತಗದ್ರ ಎಲ್ಲಾ ಹೆಸರ ಸಾಲಾಗಿ ಓದಾಕ ಬರಬೇಕು."

"ಆಕಾಶದಾಗ ಯಾರ ಅದಾರೋ ಓದಾಕ?"

"ನಿನಗ ತಿಳಿಯೂದಿಲ್ಲ ಬಿಡ ಬೇ" ಎಂದು ಅವನು ಎದ್ದು ಹೋದ. ಹೌದಪ್ಪ, ಅವಳಿಗೆ ತಿಳಿಯುವುದಿಲ್ಲ. ಕೂರುವವನ ಬೆನ್ನಿನ ಚಿಂತೆ ಬಿಟ್ಟು ಕಾಗೆ ಹದ್ದುಗಳಿಗೆ ಓದಲು ಬೆಂಚು ಕೊರೆಸುವ ಬುದ್ಧಿ ಎಲ್ಲರಿಗೂ ಬರುತ್ತದೆಯೇ?

ಅವಳು ಅಂಜಿದಂತೆಯೇ ಆಯಿತು. ಆ ಬೆಂಚುಗಳ ಮೇಲೆ ಯಾರೂ ಕೂರಲಿಲ್ಲ. ಹೇಗೆ ಕೂತಾರು? ಸತ್ತವರ ಹೆಸರು, ಅದಕ್ಕೂ ಮೊದಲು ಲಿಂಗೈಕ್ಯ ಎಂದು ಬೇರೆ ಬರೆದಿದೆ; ಅದರ ಮೇಲೆ ಅಂಡು ಊರುವ ಧೈರ್ಯ ಯಾರಿಗಿದೆ? ವಾಯುವಿಹಾರಕ್ಕೆ ಬಂದವರು ಬೆಂಚಿನ ಹತ್ತಿರ ಬಂದು, ಬಗ್ಗಿ ಓದಿ, ಕೈಮುಗಿದು ಮುಂದೆ ಹೋದರು. ಕೆಲವರು ಚಪ್ಪಲಿ ಬಿಟ್ಟು, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೋ ಭಕ್ತರು ಮೂರು ಬೆರಳಿನ ವಿಭೂತಿ ಎಳೆದು ಚೆಂಡುಹೂ ಇಟ್ಟರು. ಹೂವಿನ ಆಸೆಗೆ ಬಂದ ಆಡು ಮಾತ್ರ ಹೂ ತಿಂದು ಸಾವಕಾರರ ಮೇಲೆ ಆರಾಮಾಗಿ ಕೂತಿತು. ಅದಕ್ಕೆ ಓದಲು ಬರುವುದಿಲ್ಲವಲ್ಲ.

ಶ್ರೀಶೈಲನಿಗೆ ಕಾಲು ನೆಲಕ್ಕೆ ಹತ್ತಲಿಲ್ಲ. "ಅಪ್ಪನ ಮ್ಯಾಲೆ ಊರಿಗೆ ಎಂಥಾ ಭಕ್ತಿ ನೋಡ ಬೇ!"

"ಹೌದ ಹೌದ, ಆಡಿಗೂ ಭಾಳ ಐತಿ" ಎಂದಳು ಸಿದ್ದಲಿಂಗವ್ವ.

ಮಗನ ಮುಖ ಇಷ್ಟಾಯಿತು. ಆ ಮಾತು ಅವನ ಮನಸ್ಸಿಗೆ ನಾಟಿರಬೇಕು. ಏಕೆಂದರೆ ಮರುದಿನ ಬೆಳಿಗ್ಗೆ ಅವಳು ದಂಡೆಗೆ ಹೋದಾಗ, ಸಮಿತಿಯವರು ಕಾವಲಿಗಿಟ್ಟ ಮಾಳಪ್ಪ ಬಕೆಟ್ಟು ಹಿಡಿದು ಒಂದೊಂದೇ ಬೆಂಚಿನ ಮೇಲೆ ನೀರು ಸುರಿಯುತ್ತ ಬರುತ್ತಿದ್ದ. ಸಿದ್ದಲಿಂಗವ್ವನಿಗೆ ಒಂದು ಕ್ಷಣ ಕಣ್ಣು ಮಂಜಾದವು.

"ಏನೋ ಮಾಳಪ್ಪಾ, ಯಾಕ ನೀರ ಹಾಕಾಕ ಹತ್ತೀ?"

"ಸಣ್ಣ ಸಾವಕಾರ್ರ ಹೇಳ್ಯಾರ್ರೀ ಅವ್ವಾರ. ಉದ್ಘಾಟನೆಗೆ ಬೆಳಗಾವ್ಯಾಗಿಂದ ಸಾಹೇಬ್ರ ಬಂದ ಕುಂದರೂತನಕ ಮನಶಾ ಆಗಲಿ, ಆಡ ಆಗಲಿ, ಯಾರೂ ಕುಂದರಬಾರದಂತ. ಹಸಿ ಇಟ್ರ ಯಾರೂ ಹತ್ರ ಬರೂದಿಲ್ಲಂತ." ಮಾಳಪ್ಪ ನಕ್ಕ. "ಇದು ನಮ್ಮ ಅಪ್ಪಾರ ಯುಕ್ತಿ ಅಂತ ಅಂದ್ರು ನೋಡ್ರೀ."

ಥೂ! ತಂದೆಯಿಂದ ಮಗ ಕಲಿತ ವಿದ್ಯೆ ಇದೊಂದೇ. ಅಹಮದಾಬಾದಿಗೆ ಹೋಗಿ ಬಂದದ್ದು ಕೊನೆಗೆ ಒಂದು ಬಕೆಟ್ಟು ನೀರಿಗೆ ಬಂದು ನಿಂತಿತು. ಹೆತ್ತ ಹೊಟ್ಟೆ ತನ್ನದೇ ಎಂಬುದು ಅವಳಿಗೆ ಎಲ್ಲಕ್ಕಿಂತ ಕಹಿಯಾಯಿತು. ಗಂಡನಾದರೂ ಧೂಳೆಂದು ಸುಳ್ಳು ಹೇಳುವಷ್ಟು ನಾಚಿಕೆ ಇಟ್ಟುಕೊಂಡಿದ್ದ. ಇವನಿಗೆ ಅದೂ ಇಲ್ಲ. ಅವಳು ಅಲ್ಲಿಂದಲೇ ತಿರುಗಿದಳು. ಪೇಟೆಗೆ ಹೋಗಿ ತೊರಗಲ್ ಕಡೆಯ ಟಂಟಂನವನನ್ನು ಹುಡುಕಿ, "ಶಟ್ಟೆವ್ವಗ ಹೇಳ, ಉದ್ಘಾಟನೆ ದಿನಾ ತನ್ನ ಮಂದೀನೆಲ್ಲಾ ಕರಕೊಂಡ ಬರಲಿ ಅಂತ. ನಾ ಕರದೇನಿ ಅಂತ ಹೇಳ" ಎಂದಳು.

ಉದ್ಘಾಟನೆಯ ದಿನ ದಂಡೆಯ ತುಂಬ ಶಾಮಿಯಾನ. ಕೂರುವ ಬೆಂಚುಗಳನ್ನು ಊರಿಗೆ ಅರ್ಪಿಸುವ ಸಮಾರಂಭ. ಮಂದಿ ಕೂರಲು ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ! ಆ ಕುರ್ಚಿಗಳಲ್ಲಿ ಪೇಟೆಯ ಗಂಡಸರು ಹೊಟ್ಟೆ ಮುಂದಕ್ಕೆ ಬಿಟ್ಟು ಕೂತಿದ್ದರು. ಹಳ್ಳಿಯ ಹೆಂಗಸರು ಶಾಮಿಯಾನದ ಅಂಚಿಗೆ ನಿಂತಿದ್ದರು. ಕೂತ ಗಂಡಸರಲ್ಲಿ ಒಬ್ಬನಿಗೂ ಏಳಬೇಕೆನಿಸಲಿಲ್ಲ. ಸಿದ್ದಲಿಂಗವ್ವನನ್ನು ಸಾವಕಾರರ ಧರ್ಮಪತ್ನಿ ಎಂದು ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದರು. ಅಲ್ಲಿಂದ ಅವಳಿಗೆ ಶಟ್ಟೆವ್ವ ಕಾಣುತ್ತಿದ್ದಳು. ಕಂಬ ಹಿಡಿದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

ಭಾಷಣಗಳಾದವು. ಸಂಗಪ್ಪ ಸಾವಕಾರರು ದಣಿದವರಿಗೆ ನೆರಳಾದವರು ಎಂದು ಒಬ್ಬ ಹೇಳಿದ. ಅವರ ಅಂಗಡಿಯ ಕಟ್ಟೆ ಬಡವರ ಪಾಲಿನ ಸಿಂಹಾಸನವಾಗಿತ್ತು ಎಂದು ಇನ್ನೊಬ್ಬ ಹೇಳಿದ. ಇವನು ಅಂದು ಚಹಾದಂಗಡಿಯಲ್ಲಿ ಹಲ್ಲು ಕಿಸಿದವರಲ್ಲಿ ಒಬ್ಬ; ಸಿದ್ದಲಿಂಗವ್ವನಿಗೆ ಚೆನ್ನಾಗಿ ನೆನಪಿತ್ತು. ಸತ್ತವರ ಬಗ್ಗೆ ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ, ಶಿವನೇ!

ಕೊನೆಗೆ ರಿಬ್ಬನ್ ಕತ್ತರಿಸಿದ್ದಾಯಿತು. ಮೇಲೆ ಡ್ರೋನು ಗುಂಯ್ ಎನ್ನುತ್ತಿತ್ತು. ಶ್ರೀಶೈಲ ಕೈಜೋಡಿಸಿ ಸಾಹೇಬರನ್ನು ತನ್ನ ತಂದೆಯ ಬೆಂಚಿನ ಹತ್ತಿರ ಕರೆದೊಯ್ದ.

"ಸರ್, ತಾವ ಮೊದಲ ಕುಂದರಬೇಕು."

ಸಾಹೇಬರು ಕೂರಲು ಬಗ್ಗಿದವರು ಅಕ್ಷರ ಕಂಡು ನೆಟ್ಟಗಾದರು. "ಹಿರೇರ ಹೆಸರ ಮ್ಯಾಲೆ ಹೆಂಗ ಕುಂದರೂದ್ರೀ? ಛೆ, ಬ್ಯಾಡ ಬ್ಯಾಡ" ಎಂದು ಕೈಮುಗಿದು ಬೆಂಚಿನ ಹಿಂದೆ ನಿಂತರು. ಸಮಿತಿಯವರೂ ಹಿಂದೆ ನಿಂತರು. ಎಲ್ಲರೂ ಮೇಲೆ ನೋಡಿ ಹಲ್ಲು ತೋರಿಸಿದರು. ಬೆಂಚು ಮುಂದೆ ಖಾಲಿ, ಬೆಳಗಿನ ನೀರು ಇನ್ನೂ ಅದರ ಮೇಲೆ ಮಿನುಗುತ್ತಿತ್ತು.

ಸಿದ್ದಲಿಂಗವ್ವ ಹಣ್ಣಿನ ಬುಟ್ಟಿಯನ್ನು ಕೆಳಗಿಟ್ಟು, ಶಾಲು ತೆಗೆದು ಅದರ ಮೇಲೆ ಹಾಕಿ, ವೇದಿಕೆ ಇಳಿದಳು. ಜನ ದಾರಿ ಬಿಟ್ಟರು. ಬೆಂಚಿನ ಮುಂದೆ ಬಂದು ಸೆರಗಿನ ತುದಿಯಿಂದ ಒರೆಸತೊಡಗಿದಳು. ಮೊದಲು 'ಲಿಂಗೈಕ್ಯ' ಒರೆಸಿದಳು, ಆಮೇಲೆ ಗಂಡನ ಹೆಸರು. ಅಕ್ಷರದ ಗುಳಿಗಳಲ್ಲಿ ನಿಂತ ನೀರನ್ನೂ ಬೆರಳು ಸುತ್ತಿ ಹೀರಿದಳು.

ಮೈಕಿನವನು ದನಿ ಏರಿಸಿದ. "ನೋಡಿ ಬಂಧುಗಳೇ, ಪತಿಯ ನಾಮವನ್ನು ತಮ್ಮ ಸೆರಗಿನಿಂದ ಒರೆಸುತ್ತಿರುವ ಈ ಮಹಾತಾಯಿಯ ಭಕ್ತಿಯನ್ನು ನೋಡಿ! ಇದು ನಮ್ಮ ಸಂಸ್ಕೃತಿ!" ಚಪ್ಪಾಳೆ ಬಿತ್ತು. ಶ್ರೀಶೈಲ ಕರ್ಚೀಫು ತೆಗೆದು ಕಣ್ಣಿಗೆ ಒತ್ತಿಕೊಂಡ. ಡ್ರೋನು ಇನ್ನಷ್ಟು ಕೆಳಗಿಳಿಯಿತು.

ಸಿದ್ದಲಿಂಗವ್ವ ಅಂಗೈ ಆಡಿಸಿ ನೋಡಿದಳು. ತಿರುಗಿ ನಿಂತಳು. ಸೀರೆಯ ನೆರಿಗೆ ಸರಿಮಾಡಿಕೊಂಡು, ಬಾಯಿಂದ ಒಮ್ಮೆಯೂ ಹೇಳದ ಆ ಹೆಸರಿನ ನಟ್ಟನಡುವೆ ಕೂತಳು.

ಮೈಕು ಬಾಯಿ ಮುಚ್ಚಿತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿದ್ದವರು ಎದ್ದು ನಿಂತರು. ಏಳಲು ಬರುತ್ತದೆಂಬುದು ಈಗ ಅವರಿಗೆ ನೆನಪಾಯಿತು.

"ಯವ್ವಾ!" ಶ್ರೀಶೈಲ ಓಡಿ ಬಂದ. "ಏನ್ ಮಾಡಾಕ ಹತ್ತೀ? ಅಪ್ಪನ ಹೆಸರ ಮ್ಯಾಲೆ ಕುಂತೀ! ಏಳ, ಮಂದಿ ನೋಡಾಕ ಹತ್ಯಾರ!"

"ನೋಡಲಿ. ಮಂದಿ ಕುಂದರಾಕ ಮಾಡ್ಸತೇನಿ ಅಂತ ಲಿಂಗ ಮುಟ್ಟಿ ಹೇಳಿದಿ. ಕುಂತೇನಿ."

"ಅವ್ವಾ, ಮರ್ಯಾದಿ ಹೋಗತೈತಿ ಬೇ..."

"ಯಾರದೋ? ಹೆಣ್ಣಮಕ್ಕಳ ಅರಿವಿ ತೊಯ್ಸಿ ನಕ್ಕವರದ? ಅದು ಹೋಗಿ ಭಾಳ ದಿನಾ ಆತು" ಎಂದು ಮಗನ ಮೋರೆಯನ್ನು ದಿಟ್ಟಿಸಿದಳು. "ಸರಿ ಆ ಕಡೆ. ಹೊಳಿ ಕಾಣವಲ್ದು."

ಶ್ರೀಶೈಲ ಸಾಹೇಬರ ಕಡೆ ನೋಡಿದ. ಸಾಹೇಬರು ಹೊಳೆಯ ಕಡೆ ನೋಡುತ್ತಿದ್ದರು. ಮಾಳಪ್ಪನ ಕಡೆ ನೋಡಿದ. ಮಾಳಪ್ಪ ಬಕೆಟ್ಟನ್ನು ಕಾಲಿನಿಂದ ಮೆಲ್ಲಗೆ ಕುರ್ಚಿಯ ಹಿಂದೆ ಸರಿಸಿದ.

"ಏ ಶಟ್ಟೆವ್ವಾ! ಸುಂದರವ್ವಾ! ಬರ್ರೆವಾ ಈ ಕಡೆ" ಎಂದು ಸಿದ್ದಲಿಂಗವ್ವ ಕೂಗಿದಳು.

ಶಟ್ಟೆವ್ವ ಕಂಬ ಬಿಟ್ಟು ಕುಂಟುತ್ತ ಬಂದಳು. ಅವಳ ಹಿಂದೆ ಉಳಿದವರೂ ಬಂದರು. ಬೆಂಚಿನ ಮುಂದೆ ಬಂದವಳು ಅಕ್ಷರ ನೋಡಿದಳು, ಸಾಹೇಬರನ್ನು ನೋಡಿದಳು, ಸಣ್ಣ ಸಾವಕಾರನ ಕೆಂಪಗಾದ ಮುಖ ನೋಡಿದಳು. ಹೆದರಿ ಅಲ್ಲಿಯೇ ನಿಂತಳು. ಮೇಲಿನಿಂದ ನೋಡುತ್ತಿದ್ದ ಡ್ರೋನಿಗೆ ಸಿದ್ದಲಿಂಗವ್ವನ ಸೀರೆಯ ಒಂದು ಬದಿಗೆ 'ಲಿಂಗೈಕ್ಯ', ಇನ್ನೊಂದು ಬದಿಗೆ 'ಸ್ಮರಣಾರ್ಥ' ಅಷ್ಟೇ ಕಾಣುತ್ತಿದ್ದವು.

ಶಟ್ಟೆವ್ವ ಮೆಲ್ಲಗೆ ಬಗ್ಗಿ, 'ಸ್ಮರಣಾರ್ಥ'ದ ಮೇಲೆ ಅಂಗೈ ಹಚ್ಚಿದಳು.

"ಒಣಗೈತಿ" ಎಂದಳು ಸಿದ್ದಲಿಂಗವ್ವ. "ಕುಂದರವಾ."